ಬಸಿಗಾಲುವೆಯಲ್ಲಿ ನಿಂತವರು

ಹುಮನಾಬಾದ,
೧೪ ನವೆಂಬರ್ ೨೦೨೫, ಶುಕ್ರವಾರ

ಚಿರಂಜೀವಿ ಓಂಪ್ರಕಾಶನಿಗೆ ನಿನ್ನ ಅನೂ ಅಕ್ಕ ಮಾಡುವ ಆಶೀರ್ವಾದಗಳು.

ನಿನ್ನ ತಬಿಯತ್ ಹೇಗಿದೆ? ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆಯೇ? ಅಲ್ಲಿ ಈಗ ಹಿಮ ಬೀಳಲು ಶುರುವಾಗಿರಬೇಕು. ಶ್ರಾವಣದಲ್ಲಿ ರಜೆಗೆ ಬಂದಾಗ ಬುಲ್ಡೋಜರಿನ ಸೀಟಿನ ಮೇಲೆ ಹಾಸಿಕೊಳ್ಳಲು ಅವ್ವನ ಹಳೆಯ ಕೌದಿ ಬೇಕೆಂದು ಒಯ್ದೆಯಲ್ಲ, ಅದು ಉಪಯೋಗಕ್ಕೆ ಬರುತ್ತಿದೆಯೇ? ಸರಕಾರ ಕೊಟ್ಟ ದಪ್ಪ ಕೋಟು ಇರುವಾಗ ಇವನಿಗೆ ಹರಕು ಕೌದಿ ಯಾಕೆ ಎಂದು ನಾನು ನಕ್ಕಿದ್ದೆ. ಈಗ ಅದಾದರೂ ನಿನ್ನ ಹತ್ತಿರ ಇದೆಯಲ್ಲ ಎಂದು ಸಮಾಧಾನ. ಇಲ್ಲಿ ಅವ್ವ ಒಂದು ಹೊತ್ತು ಉಂಡು ಎದ್ದು ಓಡಾಡುವಷ್ಟು ಇದ್ದಾಳೆ. ಮೀನಾ ಮಂಠಾಳದ ಮನೆಯನ್ನು ಒಬ್ಬಳೇ ನಿಭಾಯಿಸುತ್ತಿದ್ದಾಳೆ. ನಿನ್ನ ಹೆಂಡತಿ ಎಂದು ಹೊಗಳುವುದಲ್ಲ, ಅವಳಿಲ್ಲದಿದ್ದರೆ ಅವ್ವನನ್ನು ಹಿಡಿದು ಕೂರಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಅಪ್ಪ ತೀರಿದ ದಿನ ನಿಮ್ಮ ಗಡಿ ರಸ್ತೆ ಕಚೇರಿಗೆ ಫೋನು ಮಾಡಿದ್ದೆವು. ದಾರಿ ಕುಸಿದಿದೆ, ಯಾರೂ ಕೆಳಗೆ ಇಳಿಯುವ ಹಾಗಿಲ್ಲ, ಸುದ್ದಿಯನ್ನು ವೈರ್‌ಲೆಸ್ಸಿನಲ್ಲಿ ಮುಟ್ಟಿಸುತ್ತೇವೆ ಎಂದರು. ಆಮೇಲೆ ಕ್ಯಾಂಪಿನ ಫೋನಿನಿಂದ ನೀನು ಒಮ್ಮೆ ಮೀನಾಳ ಜೊತೆ ಮಾತಾಡಿದೆಯಂತೆ, ಅದೂ ನಡುವೆಯೇ ಕಡಿಯಿತಂತೆ. ಅಂದರೆ ಅಪ್ಪ ಹೋದ ಎಂಬುದಷ್ಟೇ ನಿನಗೆ ಗೊತ್ತು. ಹೇಗೆ ಹೋದ, ಏನಾಗಿತ್ತು, ನಾವೆಲ್ಲ ಏನು ಮಾಡುತ್ತಿದ್ದೆವು ಎಂದು ನೀನು ಆ ಗುಡ್ಡದ ಮೇಲೆ ಕುಳಿತು ಎಷ್ಟು ಸಲ ಕೇಳಿಕೊಂಡಿದ್ದೀಯೋ. ಬರೆಯಲು ಕುಳಿತು ಕುಳಿತು ಎದ್ದಿದ್ದೇನೆ. ಇವತ್ತು ಕಾಲೇಜಿಗೆ ರಜೆ ಹಾಕಿ ಕೂತಿದ್ದೇನೆ.

ನೀನು ಹೊರಡುವ ಮುಂಚೆ ಬಿಟ್ಟೂಬಿಡದೆ ಮಳೆ ಹಿಡಿದಿತ್ತು, ನೆನಪಿದೆಯಲ್ಲ. ಶುಂಠಿಯ ಮಡಿಗಳ ನಡುವೆ ನೀರು ನಿಂತು, ನೀನು ಮತ್ತು ಅಪ್ಪ ಇಬ್ಬರೂ ಇಳಿದು ಬಸಿಗಾಲುವೆ ತೋಡಿದಿರಿ. ಮೊಣಕಾಲುದ್ದದ ಕೆಂಪು ರಾಡಿಯಲ್ಲಿ ನಿಂತು, ಯಾರು ಬೇಗ ತೋಡುತ್ತಾರೆ ಎಂದು ಪಂತ ಹಾಕಿ ನೀವಿಬ್ಬರೂ ನಕ್ಕದ್ದನ್ನು ಮೀನಾ ಈಗಲೂ ಹೇಳುತ್ತಾಳೆ. ಅಪ್ಪನ ಹಿಮ್ಮಡಿ ಯಾವಾಗಲೂ ಒಡೆದೇ ಇರುತ್ತಿತ್ತು. ಆ ದಿನ ಸಲಿಕೆ ತಾಗಿ ಪಾದದ ಬದಿಯೂ ಕೊಯ್ದಿತ್ತು. ಅವ್ವ ಅರಿಶಿಣ ಒತ್ತಿ ಅರಿವೆ ಕಟ್ಟಿದಳು. ಮರುದಿನ ಅರಿವೆ ಬಿಚ್ಚಿ ಒಗೆದು ಮತ್ತೆ ನೀರಿಗೆ ಇಳಿದನಂತೆ.

ನೀನು ಹೋದ ಮೇಲೆ ನೀರು ಬಸಿದು ಹೋಯಿತು, ಆದರೆ ಶುಂಠಿ ಬಾಡತೊಡಗಿತು. ಬೆಳಿಗ್ಗೆ ಹಸಿರಾಗಿದ್ದ ಗಿಡ ಮಧ್ಯಾಹ್ನಕ್ಕೆ ಎಲೆ ಸುರುಳಿ ಸುತ್ತಿ ತಲೆ ಬಾಗಿಸುತ್ತಿತ್ತು. ಒಂದು ಭಾನುವಾರ ನಾನು ಮಂಠಾಳಕ್ಕೆ ಹೋದಾಗ ಅಪ್ಪ ಒಂದು ಗಿಡ ಕಿತ್ತು ತಂದು ಕಟ್ಟೆಯ ಮೇಲಿಟ್ಟು, “ನೀ ಕಾಲೇಜಿನಾಗ ಇದನ್ನೇ ಕಲಸ್ತೀಯಲ್ಲ, ಇದಕ್ಕೇನಾಗ್ಯದ ಹೇಳು ನೋಡೋಣ” ಅಂದ. ನಾನು ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ಕಾಂಡವನ್ನು ಓರೆಯಾಗಿ ಕೊಯ್ದು, ತುದಿ ಮಾತ್ರ ಮುಳುಗುವಂತೆ ಹಿಡಿದೆ. ಸ್ವಲ್ಪ ಹೊತ್ತಿಗೆ ಕೊಯ್ದ ಬಾಯಿಂದ ಹಾಲಿನ ಎಳೆಯಂಥದೊಂದು ನೀರಿನೊಳಗೆ ಇಳಿಯಿತು. ಅಪ್ಪ ಲೋಟವನ್ನು ಬಿಸಿಲಿಗೆ ಎತ್ತಿ ನೋಡಿ, “ಇಷ್ಟೂ ಜೀವ ಏನ?” ಎಂದು ಕೇಳಿದ. ಇಷ್ಟೂ ಜೀವವೇ ಅಂದೆ.

ಅವನಿಗೆ ಆ ಮೇಲೆ ಸುಮ್ಮನಿರಲು ಆಗಲಿಲ್ಲ. ಎಲ್ಲಿ ಇರ್ತಾವ, ಏನು ತಿಂತಾವ, ಎಲ್ಲಾ ಹಿಂಥವೇನು ಎಂದು ಕೇಳುತ್ತಾ ಹೋದ. ನಾನು ತರಗತಿಯಲ್ಲಿ ಹೇಳುವುದನ್ನೇ ಹೇಳಿದೆ. ಇವು ಮಣ್ಣಿನ ಒಂದು ದೊಡ್ಡ ಕುಟುಂಬದವು. ಅದರಲ್ಲಿ ಕೆಲವು ಬೇರಿನ ಸುತ್ತ ಕೂತು ಬೇರು ಕೊಳೆಸುವ ಬೂಷ್ಟನ್ನು ಹತ್ತಿರ ಬಿಡುವುದಿಲ್ಲ. ಕೆಲವು ನಾವು ಸಿಂಪಡಿಸಿದ ಕಳೆನಾಶಕದ ವಿಷವನ್ನೇ ತಿಂದು ಮಣ್ಣನ್ನು ತಿಳಿ ಮಾಡುತ್ತವೆ. ಕಾಲುವೆಯ ದಂಡೆಯಲ್ಲಿ ಬೆಳೆದ ಮುಟ್ಟಿದರೆ ಮುನಿ ಗಿಡವನ್ನು ಕಿತ್ತು ಬೇರಿನ ಗಂಟು ತೋರಿಸಿ, ಇದರೊಳಗೆ ಕೂತಿರುವುದೂ ಅದೇ ಕುಟುಂಬದ್ದು, ಗಾಳಿಯಿಂದ ಸಾರಜನಕ ಹಿಡಿದು ಗಿಡಕ್ಕೆ ಉಣ್ಣಿಸುತ್ತದೆ ಅಂದೆ. ಶುಂಠಿಯನ್ನು ಬಾಡಿಸಿದ್ದು ಇವುಗಳದ್ದೇ ಒಂದು ದಾಯಾದಿ. ಅಪ್ಪ ಆ ಗಂಟನ್ನು ಉಗುರಿನಿಂದ ಒಡೆದು ಒಳಗಿನ ಬಣ್ಣ ನೋಡಿ, “ಇವ್ರ ಅಡ್ಡಹೆಸರು ಏನವ್ವಾ?” ಎಂದು ಕೇಳಿದ. ಬರ್ಕೋಲ್ಡೇರಿಯೇಸಿ ಅಂದೆ. ಎರಡು ಸಲ ಅನ್ನಲು ನೋಡಿ ಬಿಟ್ಟುಕೊಟ್ಟ. ಊರಿಗೆ ಹೊಸಬರು ಬಂದು ಅಡ್ಡಹೆಸರು ಹೇಳಿದಾಗ ಯಾವ ಊರಿನವರೆಂದು ಯೋಚಿಸುವಂತೆ ಬಹಳ ಹೊತ್ತು ಹೊಲದ ಕಡೆ ನೋಡುತ್ತಾ ಕೂತಿದ್ದ. ಅಂಥ ಭಾನುವಾರ ಇನ್ನೊಂದು ನನಗೆ ಸಿಗಲಿಲ್ಲ, ಓಂ.

ಜ್ವರ ಅದಾದ ಮೇಲೆ ಬಂತು. ಮೊದಲು ಮೈಕೈ ನೋವು ಎಂದು ಮಲಗಿದ, ಆಮೇಲೆ ಸಂಜೆಯಾದರೆ ನಡುಗತೊಡಗಿದ. ಬಸವಕಲ್ಯಾಣದಲ್ಲಿ ತೋರಿಸಿದೆವು. ಟೈಫಾಯ್ಡ್ ಇರಬಹುದು ಎಂದು ಔಷಧಿ ಕೊಟ್ಟರು, ಇಳಿಯಲಿಲ್ಲ. ನನ್ನ ಮನೆ ಹತ್ತಿರವೇ ಇದ್ದರೆ ನೋಡಿಕೊಳ್ಳಲು ಅನುಕೂಲ ಎಂದು ಹುಮನಾಬಾದಿನ ದವಾಖಾನೆಗೆ ಸೇರಿಸಿದೆ. ಎದೆಯ ಫೋಟೊದಲ್ಲಿ ಕಲೆ ಕಂಡವು, ಕೆಮ್ಮೂ ಶುರುವಾಗಿತ್ತು. ಅಪ್ಪನಿಗೆ ಸಕ್ಕರೆ ಬೇರೆ ಇತ್ತಲ್ಲ. ಇಷ್ಟೆಲ್ಲ ನೋಡಿದರೆ ಯಾರೇ ಆದರೂ ಟಿ.ಬಿ. ಎನ್ನುತ್ತಿದ್ದರು, ಡಾಕ್ಟರ್ ಸಂಜೀವಕುಮಾರರೂ ಹಾಗೇ ಅಂದರು. ಕಫದಲ್ಲಿ ಸಿಗಲಿಲ್ಲ, ಆದರೂ ಟಿ.ಬಿ. ಗುಳಿಗೆ ಶುರು ಮಾಡಿದರು. ನಾನೂ ಒಪ್ಪಿದೆ. ಗುಳಿಗೆ ನುಂಗಿ ನುಂಗಿ ಅಪ್ಪನ ಹೊಟ್ಟೆ ಕೆಟ್ಟಿತೇ ಹೊರತು ಜ್ವರ ಅಲುಗಲಿಲ್ಲ. ಅಷ್ಟರಲ್ಲಿ ತೊಡೆಯ ಮೇಲೆ ಒಂದು ಬಾವು ಎದ್ದಿತು. ಅದನ್ನು ಕೊಯ್ದು ಕೀವನ್ನೂ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು.

ಆ ಲ್ಯಾಬಿನಲ್ಲಿ ಮಿಸ್ಬಾ ಕೆಲಸ ಮಾಡುತ್ತಾಳೆ. ನಮ್ಮ ಕಾಲೇಜಿನಲ್ಲಿ ಓದಿದ ಹುಡುಗಿ. ಕೀವಿನಿಂದ ತಟ್ಟೆಯಲ್ಲಿ ಬೆಳೆದ ಜೀವಾಣುವನ್ನು ಮಣ್ಣು ಸೇರಿದ ಹೊಲಸು ಎಂದು ಎಸೆಯುವುದೇ ಅಲ್ಲಿನ ರೂಢಿಯಂತೆ. ರಕ್ತದಿಂದಲೂ ಅದೇ ಬೆಳೆದದ್ದು ಕಂಡು ಅವಳಿಗೆ ಅನುಮಾನ ಬಂತು. ಡಾಕ್ಟರಿಗೆ ಹೇಳಿ, ನನಗೂ ಫೋನು ಮಾಡಿದಳು. “ಮೇಡಂ, ಎರಡರಾಗೂ ಒಂದೇ ಬಂದದ್ರಿ. ಮುದುಡಿದ ಹೂವಿನಂಗ ಕಾಣ್ತದ. ನೀವೊಮ್ಮೆ ಬಂದು ನೋಡ್ರಿ.” ಹೋಗಿ ಮುಚ್ಚಿದ ತಟ್ಟೆಯನ್ನು ಗಾಜಿನ ಮೇಲಿಂದಲೇ ನೋಡಿದೆ. ಒಣಗಿ ಸುಕ್ಕುಗಟ್ಟಿದ ಚುಕ್ಕೆಗಳು. ಪುಸ್ತಕದಲ್ಲಿ ಅದರ ಚಿತ್ರ ನೋಡಿದ್ದೆ. ನಮ್ಮ ಪಠ್ಯದಲ್ಲಿ ಅಪ್ಪ ಅಡ್ಡಹೆಸರು ಕೇಳಿದ ಆ ಕುಟುಂಬಕ್ಕೆ ಒಂದು ಅಧ್ಯಾಯವೇ ಇದೆ, ಈ ಒಂದಕ್ಕೆ ಮಾತ್ರ ಕೊನೆಯಲ್ಲಿ ಒಂದೇ ಸಾಲು. ಮಿಸ್ಬಾ ಕುರ್ಚಿ ಎಳೆದು ನನ್ನನ್ನು ಕೂರಿಸಿದಳು.

ಡಾಕ್ಟರ್ ಅಡ್ಡಮಾತಾಡಲಿಲ್ಲ. ಅದೇ ಸಂಜೆ ಮಾದರಿಯನ್ನು ಹೈದರಾಬಾದಿಗೆ ಕಳಿಸಿದರು, ಉತ್ತರ ಬರುವವರೆಗೆ ಕಾಯದೆ ಔಷಧಿಯನ್ನೂ ಬದಲಿಸಿದರು. “ನಾವು ಓದುವಾಗ ಇದು ಬೇರೆ ದೇಶದ್ದು ಅಂತ ಹೇಳಿ ಮುಂದ ಹೋಗಿದ್ರು ಮೇಡಂ” ಎಂದು ತಲೆ ತಗ್ಗಿಸಿದರು. ಹೈದರಾಬಾದಿನಿಂದ ಅದೇ ಎಂದು ಖಾತ್ರಿಯಾಯಿತು. ಮೆಲಿಯಾಯ್ಡೋಸಿಸ್ ಎಂದು ರೋಗದ ಹೆಸರು. ಮಣ್ಣಿನಲ್ಲಿ, ನಿಂತ ನೀರಿನಲ್ಲಿ ತನ್ನಷ್ಟಕ್ಕೆ ಇರುತ್ತದೆ. ಮಳೆ ಹೆಚ್ಚಾದಾಗ ಮೇಲೆ ಬರುತ್ತದೆ. ಒಡೆದ ಕಾಲಿನಿಂದ ಮೈಯೊಳಗೆ ಹೋಗುತ್ತದೆ, ಸಕ್ಕರೆ ಇರುವವರನ್ನು ಬೇಗ ಹಿಡಿಯುತ್ತದೆ. ಅದಕ್ಕೆ ನಮ್ಮ ಮೇಲೆ ದ್ವೇಷವಿಲ್ಲ. ಮಣ್ಣಿನಲ್ಲಿ ಅಮೀಬಾ ನುಂಗಿದರೂ ಸಾಯದೆ ಅದರ ಹೊಟ್ಟೆಯೊಳಗೇ ಬದುಕಲು ಕಲಿತದ್ದು, ಮನುಷ್ಯನ ಬಿಳಿ ರಕ್ತಕಣ ನುಂಗಿದಾಗಲೂ ಹಾಗೇ ಬದುಕುತ್ತದೆ. ಅದನ್ನು ತಿಳಿದುಕೊಂಡು ನಾನು ಏನು ಮಾಡಲಿ?

ಹೆಸರು ಸಿಕ್ಕಿದ ದಿನ ಅವ್ವನ ಮುಖ ನೋಡಬೇಕಿತ್ತು ನೀನು. “ಹೆಸರು ಗೊತ್ತಾತಲ್ಲ, ಇನ್ನ ಹೊಂಟ್ಹೋಗ್ತದ” ಎಂದು ಅಪ್ಪನ ಹಣೆಗೆ ವಿಭೂತಿ ಹಚ್ಚಿ, ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡಳು. ಸರಿಯಾದ ಔಷಧಿಯನ್ನೇ ಕೊಡುತ್ತಿದ್ದೆವು. ಆದರೆ ಈ ರೋಗದಲ್ಲಿ ಸರಿಯಾದ ಔಷಧಿ ಹೋದರೂ ಜ್ವರ ಇಳಿಯಲು ಬಹಳ ದಿನ ಹಿಡಿಯುತ್ತದೆ. ಇಳಿಯುತ್ತಿಲ್ಲ ಎಂದರೆ ಔಷಧಿ ಕೆಲಸ ಮಾಡುತ್ತಿಲ್ಲ ಎಂದಲ್ಲ, ಮಾಡುತ್ತಿದೆ ಎಂದೂ ಅಲ್ಲ. ಕಾಯಬೇಕು ಅಷ್ಟೇ. ಅವ್ವ ದಿನಾ ಬೆಳಿಗ್ಗೆ ನನ್ನ ಮುಖ ನೋಡಿ “ಇವತ್ತ ಹ್ಯಾಂಗ ಅದ?” ಎಂದು ಕೇಳುತ್ತಿದ್ದಳು, ಔಷಧಿಯ ಕೀಲಿ ನನ್ನ ಕೈಯಲ್ಲಿದೆ ಎಂಬಂತೆ. ನಾನು ಬಾಟಲಿಯಿಂದ ಇಳಿಯುವ ಹನಿ ನೋಡುತ್ತಾ, ನಡೀತದವ್ವಾ ನಡೀತದ ಅನ್ನುತ್ತಿದ್ದೆ.

ಅಪ್ಪನಿಗೆ ಎಚ್ಚರ ಚೆನ್ನಾಗಿದ್ದ ಒಂದು ಮಧ್ಯಾಹ್ನ ಅವನೇ ಕೇಳಿದ. “ಏನು ಹುಳ ಅದು? ನಮ್ಮ ಹೊಲದಾಗಿಂದೇ ಬಂದದೇನು?” ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೌದಪ್ಪಾ ಅಂದೆ. “ಅವತ್ತ ಕಟ್ಟಿ ಮ್ಯಾಲ ಹೇಳ್ದೆಲ್ಲ, ಅದೇ ಮನೀದೇನು?” ಅದೇ ಮನೆಯದು ಅಂದೆ. ಧನರಾಜ ಕಾಕಾ ಆ ದಿನ ಬಂದು, ಹೊಲಕ್ಕೆಲ್ಲ ಔಷಧಿ ಸುರಿದು ಒಂದು ಹುಳ ಉಳಿಯದಂತೆ ಮಾಡುತ್ತೇನೆ ಎಂದು ಹೊರಗೆ ನಿಂತು ಕೂಗಾಡಿದ್ದು ಅವನ ಕಿವಿಗೂ ಬಿದ್ದಿತ್ತು. ಆಕ್ಸಿಜನ್ನಿನ ಮುಖವಾಡ ತಾನೇ ಸರಿಸಿ, “ಧನರಾಜಗ ಹೇಳು, ಹೊಲಕ್ಕ ಏನೂ ಸುರೀಬ್ಯಾಡ ಅನ್ನು. ಉಳಿದವ್ರದೇನು ತಪ್ಪದ” ಅಂದ. ಅವನು ಹೊಲದ ಬಗ್ಗೆ ಆಡಿದ ಕೊನೆಯ ಮಾತು ಅದೇ. ಆಮೇಲೆ ಮೂತ್ರಪಿಂಡ ಕೆಟ್ಟಿತು, ಉಸಿರಿಗೆ ಯಂತ್ರ ಹಚ್ಚಿದರು. ಬಾಯಿಯಲ್ಲಿ ಕೊಳವೆ ಇದ್ದುದರಿಂದ ಮಾತು ನಿಂತಿತು. ನನ್ನ ಬೆರಳು ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಿದ್ದ. ನಿನ್ನನ್ನೇ ಹುಡುಕುತ್ತಿದ್ದನೋ ಏನೋ, ನಾನಂತೂ ಹಾಗೇ ತಿಳಿದುಕೊಂಡು, ಓಂ ಬರ್ತಾನಪ್ಪಾ, ದಾರಿಯಾಗ ಇದ್ದಾನ ಅಂದೆ. ದೀಪಾವಳಿಗೆ ಇನ್ನೂ ಸ್ವಲ್ಪ ದಿನ ಇರುವಾಗ, ಬೆಳಗಿನ ನರ್ಸುಗಳು ಪಾಳಿ ಬದಲಿಸುವ ಹೊತ್ತಿಗೆ ಹೋದ. ಡಾಕ್ಟರ್ ಸಂಜೀವಕುಮಾರರು ಅವ್ವನ ಎದುರು ಕೈ ಮುಗಿದು ನಿಂತರು. ಅವ್ವ ಅವರನ್ನು ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿ, “ಹೆಸರು ಗೊತ್ತಿತ್ತಲ್ಲ ಅನೂ” ಅಂದಳು.

ಮಂಠಾಳಕ್ಕೆ ತಂದೆವು. ನಮ್ಮ ಪದ್ಧತಿಯಂತೆ ಹೊಲದಲ್ಲಿಯೇ ಕುಣಿ ತೋಡಿದರು, ಮುತ್ತ್ಯಾನ ಸಮಾಧಿಯ ಪಕ್ಕಕ್ಕೆ. ಇದರಿಂದ ಯಾರಿಗೂ ರೋಗ ಹತ್ತುವುದಿಲ್ಲವೇ ಎಂದು ಊರ ಹಿರಿಯರು ನನ್ನನ್ನು ಕೇಳಿದರು. ಮನುಷ್ಯನಿಂದ ಮನುಷ್ಯನಿಗೆ ಹತ್ತುವುದು ಇಲ್ಲವೆನ್ನುವಷ್ಟು ಕಡಿಮೆ ಎಂದೆ. ತೋಡುವವರು ಮಾತ್ರ ಕಾಲಿಗೆ ಬೂಟು ಹಾಕಿಕೊಳ್ಳಲಿ ಎಂದು ಬೇಡಿಕೊಂಡೆ. ಒಬ್ಬರೂ ಹಾಕಲಿಲ್ಲ. ಕುಣಿಯಲ್ಲಿ ಚಪ್ಪಲಿ ಮೆಟ್ಟುವುದು ಹೇಗೆ ಎಂದರು. ಅವರ ಮಾತೂ ಖರೆ. ಅಪ್ಪನನ್ನು ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿದರು. ಮೊದಲ ಮಣ್ಣು ಮಗ ಹಾಕಬೇಕು ಎಂದು ಅಯ್ಯನವರು ಸುತ್ತ ನೋಡಿದರು. ನಾನು ಮುಂದೆ ಹೋದೆ. ನಿನ್ನ ಹೆಸರು ಹೇಳಿ ಒಂದು ಹಿಡಿ ಹಾಕಿದೆ, ಆಮೇಲೆ ನನ್ನದು ಹಾಕಿದೆ. ಮಳೆಯ ತೇವ ಇನ್ನೂ ಇತ್ತು, ಮಣ್ಣು ತಣ್ಣಗಿತ್ತು. ನಾನು ಇಷ್ಟು ವರ್ಷ ಮಕ್ಕಳಿಗೆ ಕೈಯಲ್ಲಿ ಹಿಡಿಸಿ ಮೂಸಿ ನೋಡಿ ಎನ್ನುತ್ತಿದ್ದ ಮಣ್ಣು. ಅಂಗೈಗೆ ಅಂಟಿದ್ದನ್ನು ಒರೆಸಿಕೊಳ್ಳಲೋ ಬೇಡವೋ ತಿಳಿಯದೆ ಹಾಗೇ ನಿಂತಿದ್ದೆ. ಮೀನಾ ಬಂದು ನೀರು ಹಾಕಿದಳು.

ಕಾರ್ಯ ಮುಗಿದ ಮರುದಿನವೇ ಧನರಾಜ ಕಾಕಾ ಟ್ರ್ಯಾಕ್ಟರಿನಲ್ಲಿ ಬ್ಲೀಚಿಂಗ್ ಪೌಡರಿನ ಚೀಲ ತಂದರು. ಅಪ್ಪ ಹೇಳಿದ್ದನ್ನು ಹೇಳಿದೆ. ಇದರಿಂದ ಅದು ಸಾಯುವುದಿಲ್ಲ ಕಾಕಾ, ಆಳಕ್ಕೆ ಇಳಿದು ಕೂರುತ್ತದೆ, ಮೊದಲು ಸಾಯುವುದು ನಮಗೆ ಬೇಕಾದವೇ ಎಂದೆ. “ನಮ್ಮಣ್ಣನ್ನ ತಿಂದದ ಅದು. ನಾ ಸುಮ್ಮ ಕುಂದರ್ಲಿ ಏನು?” ಎಂದು ಚೀಲ ಒಡೆದು, ಕಾಲುವೆಯುದ್ದಕ್ಕೂ ಬರಿಗೈಯಲ್ಲಿ ಚೆಲ್ಲಿದರು. ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಪೌಡರಿನ ಘಾಟಿಗೋ ಅಳುವಿಗೋ ಗೊತ್ತಾಗಲಿಲ್ಲ. ನಾನು ಅವರ ಕೈ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಅವರಿಗೂ ಏನಾದರೂ ಮಾಡಬೇಕಾಗಿತ್ತು. ಬೆಳಗಾಗುವುದರೊಳಗೆ ಕಾಲುವೆಯ ದಂಡೆಯ ತುಂಬ ಎರೆಹುಳು ಮೇಲೆ ಬಂದು ಸತ್ತು ಬಿದ್ದಿದ್ದವು. ಮುಟ್ಟಿದರೆ ಮುನಿ ಗಿಡಗಳು ಸುಟ್ಟಂತೆ ಕಪ್ಪಾಗಿದ್ದವು. ಉಳಿದಿದ್ದ ಶುಂಠಿಯೂ ಅಂಚಿನಿಂದ ಬೆಳ್ಳಗಾಯಿತು. ಕಾಕಾ ಅದನ್ನು ನೋಡಿ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತವರು ಮಧ್ಯಾಹ್ನದವರೆಗೂ ಏಳಲಿಲ್ಲ.

ಅವ್ವನದು ಇನ್ನೊಂದು. ಅವಳಿಗೂ ಮೀನಾಳಿಗೂ ಗಂಬೂಟು ತಂದು ಕೊಟ್ಟೆ. ಮೀನಾ ಹಾಕಿಕೊಳ್ಳುತ್ತಾಳೆ. ಅವ್ವ ಬಾಗಿಲಿನಲ್ಲೇ ಕಳಚಿ ಇಟ್ಟು ಬರಿಗಾಲಿನಲ್ಲಿ ಸಮಾಧಿಗೆ ನೀರು ಹಾಕಲು ಹೋಗುತ್ತಾಳೆ. ಬೈದೆ, ಅತ್ತುಬಿಟ್ಟೆ, ಕಾಲು ಹಿಡಿದೆ. “ಬೂಟು ಹಾಕ್ಕೊಂಡು ಹೋದ್ರ ನಿಮ್ಮಪ್ಪಗ ನನ್ನ ಹೆಜ್ಜಿ ಗುರ್ತ ಸಿಗ್ತದೇನು?” ಅಂದಳು. ಕಾಲೇಜಿನಲ್ಲಿ ಈ ವಾರ ಅದೇ ಅಧ್ಯಾಯ ಬಂದಿದೆ. ಮೊದಲಿನಂತೆಯೇ ಪಾಠ ಮಾಡಿದೆ. ಈ ಕುಟುಂಬವಿಲ್ಲದೆ ಮಣ್ಣು ವಿಷವನ್ನು ಅರಗಿಸಿಕೊಳ್ಳುವುದು ಕಷ್ಟ, ಬೇರಿಗೆ ಕಾವಲಿರುವುದಿಲ್ಲ ಎಂದು ಹೇಳಿದೆ, ಏಕೆಂದರೆ ಅದು ನಿಜ. ಕೊನೆಯ ಆ ಒಂದು ಸಾಲಿಗೆ ಬಂದಾಗ ಪುಸ್ತಕ ಮುಚ್ಚಿ, ನನಗೆ ಗೊತ್ತಿದ್ದಷ್ಟನ್ನೂ ಹೇಳಿದೆ. ಯಾರ ಮನೆಯಲ್ಲಿ ಸಕ್ಕರೆ ಇದ್ದವರು ಗದ್ದೆ, ಕಬ್ಬು, ಶುಂಠಿಯ ನೀರಿಗೆ ಇಳಿಯುತ್ತಾರೆ ಎಂದು ಕೇಳಿದೆ. ಬಹಳ ಕೈಗಳು ಮೇಲೆದ್ದವು. ಅಷ್ಟು ಕೈಗಳನ್ನು ನೋಡಿ ಗಂಟೆಯಾಗುವ ಮೊದಲೇ ಹೊರಗೆ ಬಂದೆ.

ಇದಿಷ್ಟು ನಡೆದದ್ದು, ತಮ್ಮಾ. ನೀನಿದ್ದಿದ್ದರೆ ಏನಾದರೂ ಬೇರೆ ಆಗುತ್ತಿತ್ತೇ ಎಂದು ಕೊರಗಬೇಡ. ನಾನು ಪಕ್ಕದಲ್ಲೇ ಇದ್ದೆ, ಏನೂ ಬೇರೆ ಆಗಲಿಲ್ಲ. ದಾರಿ ತೆರೆದ ಕೂಡಲೇ ರಜೆ ಹಾಕಿ ಬಾ. ಸಮಾಧಿಯ ಮೇಲೆ ಕಲ್ಲು ಕೂರಿಸುವುದನ್ನು ನಿನಗಾಗಿ ನಿಲ್ಲಿಸಿದ್ದೇವೆ. ಅವ್ವನ ಆಶೀರ್ವಾದ, ಕಾಕಾನ ನೆನಪು, ಮೀನಾಳದು ನಿನಗೆ ಗೊತ್ತೇ ಇದೆ. ಬಸವಣ್ಣ ನಿನ್ನನ್ನು ಆ ಚಳಿಯಲ್ಲಿ ಕಾಯಲಿ.

ನಿನ್ನ ಅಕ್ಕ,
ಅನುರಾಧಾ

ತಾ.ಕ.: ಲಕೋಟೆಗೆ ಹಾಕುವ ಹೊತ್ತಿಗೆ ಮೀನಾ ಮಂಠಾಳದಿಂದ ಬಂದಳು. ನಿನಗೆ ಬರೆದಿದ್ದೇನೆ ಎಂದೆ. ಅವಳು ಒಳಗೆ ಬರದೆ ಹೊಸ್ತಿಲಲ್ಲೇ ನಿಂತು, “ಅಕ್ಕಾ, ಇದು ಅವ್ರಿಗೂ ಬರ್ತದೇನ್ರಿ?” ಎಂದು ಕೇಳಿದಳು. ಆಮೇಲೆ ಎಲ್ಲ ಹೇಳಿದಳು. ಆ ಫೋನಿನಲ್ಲಿ ನೀನು ಕೆಮ್ಮುತ್ತಲೇ ಇದ್ದೆಯಂತೆ. ಸಂಜೆ ಜ್ವರ ಬರಾಕತ್ತದ, ಚಳಿದು ಅದ, ಫಿಕರ್ ಮಾಡಬ್ಯಾಡ ಅಂದೆಯಂತೆ. ಹೋದ ವರ್ಷದಿಂದ ನಿನಗೂ ಸಕ್ಕರೆ ಇದೆ, ತಿಳಿದರೆ ಆ ಕೆಲಸದಿಂದ ಕೆಳಗೆ ಇಳಿಸುತ್ತಾರೆ ಎಂದು ಯಾರಿಗೂ ಹೇಳಬೇಡ ಅಂದಿದ್ದೆಯಂತೆ. ಓಂ, ನೀನೂ ಅದೇ ನೀರಿನಲ್ಲಿ ನಿಂತಿದ್ದೆ. ಬರೀ ಶೀತವೂ ಇರಬಹುದು, ಇರಲಿ ಎಂದೇ ಬೇಡಿಕೊಳ್ಳುತ್ತೇನೆ. ಆದರೆ ಇದು ಮೈಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂರಬಲ್ಲದು. ನಿಮ್ಮ ಕಚೇರಿಗೆ ಫೋನು ಮಾಡಿ ಹೇಳಿದ್ದೇನೆ. ಬರೆದುಕೊಂಡವರು ರೋಗದ ಹೆಸರನ್ನು ಮೂರು ಸಲ ತಪ್ಪು ಹೇಳಿದರು, ಬಾಯಿಂದ ಬಾಯಿಗೆ ಅದು ಏನಾಗಿ ನಿನ್ನನ್ನು ಮುಟ್ಟುತ್ತದೋ. ಅದಕ್ಕೆ ಇನ್ನೊಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಅದು ನಿನಗಲ್ಲ, ಅಲ್ಲಿನ ಡಾಕ್ಟರಿಗೆ. ರಕ್ತವನ್ನು ಕಲ್ಚರಿಗೆ ಕಳಿಸಲು ಹೇಳು, ಸಕ್ಕರೆ ಇರುವುದನ್ನು ಮುಚ್ಚಿಡಬೇಡ, ಕೆಲಸ ಹೋದರೆ ಹೋಗಲಿ. ಬೇಗ ತಿಳಿದರೆ ಔಷಧಿ ಕೆಲಸ ಮಾಡುತ್ತದೆ. ಕಾಗದವನ್ನು ಮತ್ತೆ ಮೊದಲಿಂದ ಬರೆಯಲು ಹೊತ್ತಿಲ್ಲ, ಟಪಾಲು ಹೊರಡುತ್ತದೆ. ದಾರಿ ಕುಸಿದಲ್ಲಿ ಚೀಲವನ್ನು ಆಳುಗಳು ಹೊತ್ತು ದಾಟಿಸುತ್ತಾರಂತೆ. ಲಕೋಟೆಯ ಹೊರಗೆ ಕೆಂಪು ಶಾಯಿಯಲ್ಲಿ ‘ಮೊದಲು ತಾ.ಕ. ಓದು’ ಎಂದು ಬರೆಯುತ್ತಿದ್ದೇನೆ. ಇಷ್ಟು ಓದಿದೆಯಲ್ಲ, ಎದ್ದು ಡಾಕ್ಟರ ಹತ್ತಿರ ಹೋಗು. ಉಳಿದದ್ದನ್ನು ಬಂದ ಮೇಲೆ ಓದು. ಅಪ್ಪನ ಸುದ್ದಿ ಕಾಯುತ್ತದೆ.